ಕಚ್ಚದ ಕೊಂಡಿ

"ಮಗಳು ಸತ್ತ ಸಂಕಟದಲ್ಲಿ ವರ್ನಾ ನಿನಗೆ ಮಾಟದ ಕಟ್ಟು ಹಾಕಿದಾಳೆ ಕಣೋ. ಮೂರು ದಿನ ಯಾರು ಏನು ಕೇಳಿದ್ರೂ ಕೊಡ್ಬೇಡ. ಚಿಟಿಕೆ ಉಪ್ಪೂ ಕೊಡ್ಬೇಡ. ಮಾಟ ಮಾಡಿದೋರು ತಾವೇ ಬಂದು ಬೇಡ್ತಾರೆ. ಕೊಟ್ರೆ ಬಿಗೀತದೆ, ಇಲ್ಲಾಂದ್ರೆ ಬಿಚ್ಚಿಹೋಗ್ತದೆ," ಎಂದ ಗ್ಯಾರೇಜಿನ ಯಜಮಾನ ಎಲ್ವುಡ್.

"ನಿಮ್ಮ ಪೆನ್ಸಿಲ್ವೇನಿಯಾ ಹಳ್ಳಿ ಮಾಟಗಾತಿಯರಿಗೆ ಅಂಗಡೀಲಿ ಉಪ್ಪು ಸಿಗಲ್ವಾ ಯಜಮಾನ್ರೇ?" ಮೆಕ್ಯಾನಿಕ್ ಕರ್ಟಿಸ್ ನಕ್ಕ. ಫಿಲಡೆಲ್ಫಿಯಾದಿಂದ ಬಂದವನಿಗೆ ಇವರ ಭಯವೆಲ್ಲ ತಮಾಷೆ. ಆದರೂ ಅವನ ಕೈ ಕಾಲರನ್ನು ಬಿಟ್ಟಿರಲಿಲ್ಲ. ಎಡಭುಜದಿಂದ ಎದೆಗೆ ಅಡ್ಡಲಾಗಿ ಎದ್ದ ಕೆಂಪು ಬಾಸುಂಡೆ ದಿನಕ್ಕಿಷ್ಟು ಕುತ್ತಿಗೆಯತ್ತ ಏರುತ್ತಿತ್ತು.

ವರ್ನಾಳ ಹಳೇ ಕಾರಿನ ಸೀಟ್ ಬೆಲ್ಟು ತಾನೇ ಓಡುವಂಥದ್ದು. ಕೀಲಿ ತಿರುಗಿಸಿದರೆ ಬಾಗಿಲ ಮೇಲಿನ ಹಳಿಯಲ್ಲಿ ಗುರ್ರೆಂದು ಹಿಂದೆ ಸರಿದು ಭುಜವನ್ನು ತಬ್ಬಬೇಕು. ಅದು ಅರ್ಧದಾರಿಯಲ್ಲಿ ಸಿಕ್ಕಿಕೊಂಡು ಕಾರು ರಿಪೇರಿಗೆ ಬಂದಿತ್ತು. ಮೋಟಾರು ಬಿಚ್ಚಿ, ಹಳಿಯ ಜಿಡ್ಡು ತೆಗೆದು, ಹಲ್ಲು ಸವೆದ ಪಟ್ಟಿ ಬದಲಿಸಬೇಕಿತ್ತು. ಅದರ ಬದಲು ಕರ್ಟಿಸ್ ಫ್ಯೂಸ್ ಕಿತ್ತ, ಬೆಲ್ಟನ್ನು ಕೈಯಲ್ಲೇ ಹಿಂದಕ್ಕೆ ತಳ್ಳಿದ. ನೋಡುವವರಿಗೆ ಬಿಗಿದಂತಿತ್ತು, ಕೊನೆಯ ಕೊಂಡಿ ಮಾತ್ರ ಕಚ್ಚಿರಲಿಲ್ಲ. "ಇನ್ನು ಓಡಲ್ಲಮ್ಮ, ಆದ್ರೆ ಗಟ್ಟಿಯಾಗಿದೆ," ಎಂದುಬಿಟ್ಟ. ವಾರದೊಳಗೆ ಆ ಕಾರು ಓಡಿಸುತ್ತಿದ್ದ ವರ್ನಾಳ ಮಗಳು ಮಾರ್ಲಾಳ ಎದುರು ಹಾಲಿನ ಲಾರಿ ಬಂತು. ಬೆಲ್ಟು ಜಾರಿತು. ಅವಳು ಗಾಜು ಒಡೆದು ಹೊರಗೆ ಬಿದ್ದಳು. ತಾನು ಮಾಡಿದ್ದನ್ನು ಕರ್ಟಿಸ್ ಯಾರಿಗೂ ಹೇಳಲಿಲ್ಲ.

ಮೂರನೆಯ ಸಂಜೆ ಅವನ ಬಾಗಿಲಲ್ಲಿ ವರ್ನಾ ನಿಂತಿದ್ದಳು. ಕೈಯಲ್ಲಿ ಖಾಲಿ ಬಟ್ಟಲು. ಕರ್ಪೂರದೆಣ್ಣೆಯ ವಾಸನೆ, ಒದ್ದೆ ಮಣ್ಣಿನ ವಾಸನೆ.

"ಬೆಲ್ಟು ಹಾಕ್ಕೊಂಡಿರ್ಲಿಲ್ಲ, ಮೈಮೇಲೆ ಜ್ಞಾನ ಇರ್ಲಿಲ್ಲ ಅಂತ ಊರೆಲ್ಲ ನನ್ನ ಮಗಳನ್ನೇ ಅಂತಾರೆ. ಹೌದೇನಪ್ಪಾ?"

 ನಾನೇ ಕೊಂದೆ ಎನ್ನಲು ಕರ್ಟಿಸ್ ಬಾಯಿ ತೆರೆದ. ಜೈಲಿನ ನೆನಪಾಯಿತು. ಮುಚ್ಚಿಕೊಂಡ.

"ಹಾಗಿದ್ರೆ ಒಂದು ಹಿಡಿ ಉಪ್ಪಾದ್ರೂ ಕೊಡು."

ಎಲ್ವುಡ್ಡನ ಮಾತು ನೆನಪಿತ್ತು. ಆದರೂ ಅವಳ ಮಗಳನ್ನು ತಿಂದುಕೊಂಡವನು ಉಪ್ಪಿಗೂ ಇಲ್ಲವೆನ್ನುವುದು ಹೇಗೆ? ನಿಜಕ್ಕಿಂತ ಉಪ್ಪು ಅಗ್ಗವಾಗಿತ್ತು. ಬಟ್ಟಲು ತುಂಬಿ ಕೊಟ್ಟ. ಅವಳು ಹೊರಟುಹೋದಳು.

ಅದೇ ರಾತ್ರಿ ಕರ್ಟಿಸ್ ತನ್ನ ಹಳೇ ಪಿಕಪ್ ಹತ್ತಿ ಊರು ಬಿಟ್ಟ. ಆ ಗಾಡಿಗೆ ಬೆಲ್ಟೇ ಇರಲಿಲ್ಲ. ಸೇತುವೆ ದಾಟುವಾಗ ಕಿವಿಯ ಪಕ್ಕ ಸದ್ದು. ಗುರ್ರ್. ತಿರುಗಿದ. ಏನೂ ಇಲ್ಲ. ಮತ್ತೆ ಸದ್ದು. ಸುಟ್ಟ ಮೋಟಾರಿನ ನಾತ. ಭುಜದ ಮೇಲೆ ಏನೋ ಹರಿಯಿತು. ಒರಟು. ಒದ್ದೆ. ಎದೆಗೆ ಬಿತ್ತು. ಕುತ್ತಿಗೆಗೆ ಏರಿತು. ಬಿಗಿಯಿತು. "ನಾನೇ! ಫ್ಯೂಸ್ ಕಿತ್ತಿದ್ದು ನಾನೇ!" ಕೂಗಹೋದ. ಸ್ವರ ಹೊರಡಲಿಲ್ಲ. ಕತ್ತಿನಲ್ಲಿ ಕಟಕ್ ಎಂದಿತು. ಈ ಸಲ ಕೊಂಡಿ ಕಚ್ಚಿತ್ತು.

ಜೀವ ಉಳಿಯಿತು. ಕುತ್ತಿಗೆಯ ಕೆಳಗೆ ಏನೂ ಅಲುಗುವುದಿಲ್ಲ, ಮಾತು ಹೊರಡುವುದಿಲ್ಲ. ಭಾನುವಾರ ಚರ್ಚ್ ಮುಗಿಸಿ ವರ್ನಾ ಆಸ್ಪತ್ರೆಗೆ ಬರುತ್ತಾಳೆ. ಅವನ ಬಾಯಿಯ ಜೊಲ್ಲು ಒರೆಸಿ ಹತ್ತಿರ ಕೂರುತ್ತಾಳೆ.

"ತಪ್ಪು ಮಾರ್ಲಾಳದ್ದಲ್ಲ ಅಂತ ಒಂದು ಮಾತು ಹೇಳಪ್ಪಾ. ನೀನು ಹೇಳಿದ್ರೆ ಊರು ನಂಬ್ತದೆ."

ಅವನು ತುಟಿ ಅಲುಗಿಸುತ್ತಾನೆ. ಅವಳು ಕಿವಿ ಹತ್ತಿರ ತರುತ್ತಾಳೆ. ಗಂಟೆಗಟ್ಟಲೆ ಕಾಯುತ್ತಾಳೆ.