ಒಂದು ದಿನ ತಡವಾಗಿ ಬಂದ ಕಾರ್ಡುಗಳು

ಆ ಕಾರ್ಡಿನ ಕೊನೆಯ ಸಾಲು ನನಗೆ ಬರೆದದ್ದು.

ಕಾರ್ಡು ಬಂದದ್ದು ನಮ್ಮ ಊರಿನವಳೊಬ್ಬಳ ವಿಳಾಸಕ್ಕೆ. ಕಡಲಾಚೆಯ ಯಾವುದೋ ಮೀನುಗಾರರ ಊರಿನಿಂದ ಒಬ್ಬ ನಿವೃತ್ತ ನರ್ಸ್ ಬರೆದಿದ್ದಳು. ಮನೆಯ ಕೆಳಗೆ ದೋಣಿಗಳು ಒಂದಕ್ಕೊಂದು ತಾಗುವ ಸದ್ದಿಗೆ ತನಗೆ ಎಚ್ಚರವಾಗುತ್ತದೆ ಎಂದು ಹೇಳಿ, ಅಂಚಿನಲ್ಲಿ ಅಕ್ಷರ ಚಿಕ್ಕದು ಮಾಡಿ ಸೇರಿಸಿದ್ದಳು: "ನಡುವೆ ಇದನ್ನು ಓದುತ್ತಿರುವವರೇ, ನಿಮಗೂ ನಮಸ್ಕಾರ. ನಿಮ್ಮ ಮನೆಯಲ್ಲಿ ಬೆಳಿಗ್ಗೆ ಮೊದಲು ಕೇಳುವ ಸದ್ದು ಯಾವುದು?"

ಕಾರ್ಡನ್ನು ಬೋರಲು ಹಾಕಿದೆ. ಕೋಣೆಯ ಸುತ್ತ ಕಣ್ಣಾಡಿಸಿದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ನಾನು ಪೋಸ್ಟ್ ಆಫೀಸಿನಲ್ಲಿ ಟಪಾಲು ವಿಂಗಡಿಸುವವನು. ಭೂಗೋಳದಲ್ಲಿ ಎಂ.ಎ. ಮಾಡಿಯೂ ರೈಲಿನ ಕೊನೆಯ ಸ್ಟೇಷನ್ನಿನಿಂದಾಚೆ ಕಾಲಿಟ್ಟವನಲ್ಲ. ಮಾತು ಕಡಿಮೆ ಅಂತ ಆಫೀಸಿನಲ್ಲಿ ನನಗೆ 'ಮೌನಿ' ಎಂದು ಹೆಸರು. ಇಟ್ಟವಳು ಕೌಂಟರಿನಲ್ಲಿ ಸ್ಟ್ಯಾಂಪು ಮಾರುವ ಅಕ್ಕ.

ಎರಡು ವರ್ಷದಿಂದ ಆ ವಿಳಾಸದವಳ ಕಾರ್ಡುಗಳು ನನ್ನ ಕೈ ದಾಟಿಯೇ ಹೋಗುತ್ತಿದ್ದವು. ಅವಳು ಹೊರದೇಶದ ಅಪರಿಚಿತರಿಗೆ ಕಾರ್ಡು ಬರೆದು ಎಲ್ಲರಿಗೂ ಅದೇ ಒಂದು ಪ್ರಶ್ನೆ ಕೇಳುತ್ತಿದ್ದಳು: ಬೆಳಿಗ್ಗೆಯ ಮೊದಲ ಸದ್ದು. ಉತ್ತರಗಳು ಒಂದೊಂದಾಗಿ ಬರುತ್ತಿದ್ದವು. ಮಾಡಿನ ಮೇಲಿಂದ ಹಿಮ ಜಾರಿ ಬೀಳುವುದು. ಗೋಡೆಯಾಚೆ ಮುದುಕನೊಬ್ಬ ರೇಡಿಯೊಗೆ ಬೈಯುವುದು. ಒಂಟೆಯ ಗೊರಕೆ. ಯಾವ ಭೂಪಟದಲ್ಲೂ ಇಲ್ಲದ ಸಂಗತಿಗಳು.

ಕಾರ್ಡು ಬಂದೊಡನೆ ಬಂದ ದಿನದ ಸೀಲು ಹೊಡೆಯುತ್ತಿದ್ದೆ. ಆಮೇಲೆ ಅವಳದ್ದು ಮಾತ್ರ ಚೀಲಕ್ಕೆ ಹೋಗದೆ ನನ್ನ ಅಂಗಿಯ ಜೇಬಿಗೆ ಇಳಿಯುತ್ತಿತ್ತು. ಮನೆಯಲ್ಲಿ ನೋಟ್‌ಬುಕ್ಕಿಗೆ ನಕಲು ಮಾಡಿಕೊಂಡು ಮರುದಿನ ಚೀಲಕ್ಕೆ ಹಾಕುತ್ತಿದ್ದೆ. ಒಂದೇ ದಿನ ತಾನೇ, ಯಾರಿಗೇನು ನಷ್ಟ?

ಸೀಲು ಹೊಡೆಯದೆ ಜೇಬಿಗಿಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಕೈಗೆ ಅಭ್ಯಾಸ. ಕದಿಯುವ ಮುಂಚೆಯೂ ತಾರೀಖು ಒತ್ತುವ ಕೈ ನನ್ನದು.

ಮುಂದಿನ ವಾರ ಬೇರೊಂದು ದೇಶದಿಂದ ಬಂದ ಕಾರ್ಡಿನಲ್ಲೂ ಅದೇ ಸಾಲು ಇತ್ತು. ಅದರ ಮುಂದಿನದು ಒಂದು ಹೆಜ್ಜೆ ಮುಂದೆ: "ನನ್ನ ಗೆಳತಿ ಹೇಳುತ್ತಾಳೆ, ನೀವು ಒಂದು ದಿನ ತಗೊಳ್ಳುತ್ತೀರಂತೆ. ಅಷ್ಟು ನಿಧಾನವೇ ನಿಮ್ಮ ಓದು?"

ಅಂದರೆ ಅವಳಿಗೆ ಗೊತ್ತು. ಅವಳೇ ಅವರಿಗೆಲ್ಲ ಬರೆದಿದ್ದಾಳೆ.

ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಟಪಾಲು ತಡೆದಿಟ್ಟವನ ನೌಕರಿ ಉಳಿಯುವುದಿಲ್ಲ, ಅದು ಒಂದು ಕಡೆ. ಇನ್ನೊಂದು ಕಡೆ ಅವಳು. ಶನಿವಾರ ಮಧ್ಯಾಹ್ನ ಸ್ಟ್ಯಾಂಪು ಕೊಳ್ಳಲು ಬರುತ್ತಾಳೆ. ಹತ್ತಿರದ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ತನ್ನ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಕೈಚೀಲದಲ್ಲೆಲ್ಲ ಅದನ್ನೇ ಹುಡುಕುತ್ತಾಳೆ. ಬೀರುವಿನ ಸಂದಿನಿಂದ ನಾನು ನೋಡುತ್ತೇನೆ. ಎರಡು ವರ್ಷದಲ್ಲಿ 'ತಲೆ ಮೇಲಿದೆ' ಎಂಬ ಎರಡು ಪದ ನನ್ನ ಬಾಯಿಂದ ಹೊರಟಿಲ್ಲ.

ನಿಲ್ಲಿಸಿಬಿಟ್ಟೆ. ಮುಂದೆ ಬಂದ ಮೂರು ಕಾರ್ಡುಗಳನ್ನು ಓದದೆ, ಬಂದ ದಿನವೇ ಚೀಲಕ್ಕೆ ಹಾಕಿದೆ.

ಶನಿವಾರ ಕೌಂಟರಿನಿಂದ ಅಕ್ಕ ಕೂಗಿದಳು. "ಏ ಮೌನಿ, ಬಾರೋ ಇಲ್ಲಿ! ಇಪ್ಪತ್ತು ವರ್ಷ ಸರ್ವೀಸಲ್ಲಿ ಇಂಥ ಕಂಪ್ಲೇಂಟು ಕೇಳಿಲ್ಲ ಕಣೋ. ಕಾರ್ಡು ಬೇಗ ಬರ್ತಿದೆಯಂತೆ!"

ಅವಳು ಕಿಟಕಿಯ ಆಚೆ ನಿಂತಿದ್ದಳು. ನನ್ನನ್ನು ನೋಡಿ ಕನ್ನಡಕ ಇಳಿಸಿ ಹಾಕಿಕೊಂಡಳು. ಮುಖದ ಮೇಲೆ ಒಂದು ಕ್ಷಣ, ಅಂಗಿಯ ಜೇಬಿನ ಮೇಲೆ ಒಂದು ಕ್ಷಣ, ಮತ್ತೆ ಮುಖಕ್ಕೆ.

"ಮೂರು ಕಾರ್ಡು ಬಂದ ದಿನಾನೇ ಮನೆಗೆ ಬಂತು," ಅಂದಳು. "ಓದೋರಿಗೆ ಹುಷಾರಿಲ್ವಾ?"

ಅಕ್ಕ ಅವಳ ಮುಖ ನೋಡಿದಳು, ನನ್ನ ಮುಖ ನೋಡಿದಳು. "ನನಗೆ ಟೀ ಕುಡೀಬೇಕು ಅನ್ನಿಸ್ತಿದೆ," ಎಂದು ಎದ್ದು ಹೋದಳು.

"ಹುಷಾರಾಗಿದ್ದೀನಿ," ಅಂದೆ.

"ಓಹೋ. ನೀವಾ." ತುಟಿಯ ಕೊನೆ ಸ್ವಲ್ಪ ಅಲುಗಿತು. ನಗುವೋ ಸಿಟ್ಟೋ ತಿಳಿಯಲಿಲ್ಲ. "ಬೀರು ಹಿಂದೆ ನಿಂತ್ಕೊಂಡು ನೋಡ್ತಿದ್ರಲ್ಲ, ಜೇಬಲ್ಲಿ ಕಾರ್ಡಿನ ಅಂಚು ಬೇರೆ, ಅವರೇ ಇರ್ಬೇಕು ಅಂದ್ಕೊಂಡಿದ್ದೆ. ಕಣ್ಣು ನೋಡೋದೇ ನನ್ನ ಕೆಲಸ ಅಲ್ವಾ."

"ಪೋಸ್ಟ್‌ಮಾಸ್ಟರಿಗೆ ಹೇಳ್ತೀರಾ?"

"ಮೊದಲನೇ ಸಲ ಸೀಲಲ್ಲಿ ಹಿಂದಿನ ದಿನದ ತಾರೀಖು ನೋಡಿದಾಗ ಹೇಳೋಣ ಅಂತಾನೇ ಬಂದಿದ್ದೆ. ಆ ಕಾರ್ಡುಗಳು ನಮ್ಮಜ್ಜಿಗೋಸ್ಕರ. ಆರು ವರ್ಷ ಆಯ್ತು, ಕಾಲು ಬಿದ್ದುಹೋಗಿ ಮಹಡಿ ಇಳಿದಿಲ್ಲ. ಊರೂರಿನ ಬೆಳಗನ್ನ ಹಾಸಿಗೆ ಮೇಲೇ ಕೇಳ್ತಾರೆ. ಅವರ ಒಂದು ದಿನ ನಿಮ್ಮ ಜೇಬಲ್ಲಿತ್ತು. ಪ್ರತಿ ಸಲ."

ಯಾರಿಗೇನು ನಷ್ಟ ಅಂದುಕೊಂಡಿದ್ದೆನಲ್ಲ.

"ಮತ್ತೆ ಯಾಕೆ ಹೇಳಲಿಲ್ಲ?"

"ಅಜ್ಜಿ ಬೇಡ ಅಂದ್ರು. 'ಕದ್ದು ಓದಿ ವಾಪಸ್ ಕೊಡೋನು ಎಂಥ ಕಳ್ಳನೇ? ಅವನಿಗೂ ಪ್ರಶ್ನೆ ಕೇಳಿಸು' ಅಂದ್ರು. ಎಲ್ಲಾರಿಗೂ ಬರೆದೆ. ಮೂವತ್ತೊಂದು ಮನೆಯವರು ಉತ್ತರಕ್ಕೆ ಕಾಯ್ತಿದ್ದಾರೆ."

"ಬರೆದು ಕವರಿನಲ್ಲಿ ಹಾಕಿ ಕಳಿಸ್ತೀನಿ."

"ಕವರಾದ್ರೆ ಒಡೆಯೋದೇ ಇಲ್ಲ." ಅವಳು ಕಿಟಕಿಗೆ ಬಾಗಿದಳು. "ಅವರೆಲ್ಲ ಬಿಚ್ಚಿಟ್ಟು ಬರೆದ್ರು, ನೀವು ಓದಿದ್ರಿ. ನೀವೂ ಕಾರ್ಡಲ್ಲೇ ಬರೀಬೇಕು. ಮಾಡಿದ್ದು, ಕೇಳಿದ್ದು, ಎರಡೂ. ಯಾರು ಬೇಕಾದ್ರೂ ಓದೋ ಹಾಗೆ."

ಹೋಗುವಾಗ ಕನ್ನಡಕ ಮತ್ತೆ ತಲೆಯ ಮೇಲೇರಿತ್ತು. ಬಾಗಿಲಲ್ಲಿ ನಿಂತು ಚೀಲ ತಡಕಿದಳು.

"ತಲೆ ಮೇಲಿದೆ," ಅಂದೆ.

"ಗೊತ್ತು," ಅಂದಳು ಹಿಂದೆ ತಿರುಗದೆ. "ಇವತ್ತಾದ್ರೂ ಹೇಳ್ತೀರಾ ನೋಡೋಣ ಅಂತ."

ಆ ಸಂಜೆ ಕಾರ್ಡು ತಗೊಂಡು ಕೂತರೆ ಒಂದಕ್ಷರ ಹೊರಡಲಿಲ್ಲ. ಮೂವತ್ತೊಂದು ಮನೆಗಳ ಮೊದಲ ಸದ್ದು ನನಗೆ ಬಾಯಿಪಾಠ. ನನ್ನ ಮನೆಯದು ಗೊತ್ತಿರಲಿಲ್ಲ. ಅಪ್ಪ ಹೋದ ಮೇಲೆ ನಾನು, ಅಮ್ಮ ಇಬ್ಬರೇ. ಒಬ್ಬರ ಮೌನಕ್ಕೆ ಒಬ್ಬರು ತೊಂದರೆ ಕೊಡದೆ ಬದುಕಿದ್ದೆವು.

ಬೆಳಿಗ್ಗೆ ಬೇಗ ಎಚ್ಚರವಾಯಿತು. ಕಣ್ಣು ಮುಚ್ಚಿಕೊಂಡೇ ಕಿವಿಗೊಟ್ಟು ಮಲಗಿದೆ. ಅಮ್ಮ ಎದ್ದಳು. ಹೆಜ್ಜೆ ಅಡುಗೆಮನೆಯ ಕಡೆ ಹೊರಟಿತು. ನನ್ನ ಕೋಣೆಯ ಬಾಗಿಲ ಬಳಿ ನಿಂತಿತು. ಒಂದು, ಎರಡು, ಮೂರು ಉಸಿರಿನಷ್ಟು ಹೊತ್ತು. ಆಮೇಲೆ ಮುಂದೆ ಹೋಯಿತು. ಸ್ಟೌ ಹತ್ತಿದ್ದು ಅದರ ನಂತರ.

ದಿನವೂ ಹೀಗೇ ನಿಲ್ಲುತ್ತಿದ್ದಳೇನೋ.

ಕಾರ್ಡಿನಲ್ಲಿ ಬರೆದೆ: "ನಿಮ್ಮ ಕಾರ್ಡುಗಳನ್ನು ಒಂದು ದಿನ ಮನೆಗೆ ಒಯ್ಯುತ್ತಿದ್ದವನು ನಾನು. ಅಜ್ಜಿಯ ಕ್ಷಮೆ ಕೇಳುತ್ತೇನೆ. ನಮ್ಮ ಮನೆಯ ಮೊದಲ ಸದ್ದು, ಅಮ್ಮನ ಹೆಜ್ಜೆ ನನ್ನ ಬಾಗಿಲ ಬಳಿ ಬಂದು ನಿಲ್ಲುವುದು. ಇಷ್ಟು ದಿನ ಕೇಳಿಸಿಕೊಂಡಿರಲಿಲ್ಲ. ಶನಿವಾರಗಳಂದು ಬೀರುವಿನ ಹಿಂದೆ ನಿಲ್ಲುವುದು ಕಾರ್ಡಿಗಾಗಿ ಅಲ್ಲ." ಕೆಳಗೆ ನನ್ನ ಪೂರ್ತಿ ಹೆಸರು, ಹುದ್ದೆ.

ಸೋಮವಾರ ಡಬ್ಬಿಯಿಂದ ತೆಗೆದ ಟಪಾಲಿನಲ್ಲಿ ಅದು ಅಕ್ಕನ ಕೈಗೇ ಸಿಕ್ಕಿತು. ನಿಂತು ಪೂರ್ತಿ ಓದಿದಳು. ಪಕ್ಕದ ಕೋಣೆಯಲ್ಲಿ ಪೋಸ್ಟ್‌ಮಾಸ್ಟರು ಕೆಮ್ಮಿದರು.

"ಅವರ ಕಣ್ಣಿಗೆ ಬಿದ್ರೆ ನಿನ್ನ ಗತಿ ಏನು ಗೊತ್ತೇನೋ?"

"ಗೊತ್ತು."

"ವಾಪಸ್ ತಗೋತೀಯಾ?"

"ಬೇಡ ಅಕ್ಕ."

ಅಕ್ಕ ಸೀಲು ಹೊಡೆದಳು. "ಅಂತೂ ಮೌನಿ ಬಾಯಿ ಬಿಟ್ಟ," ಎಂದು ಕಾರ್ಡನ್ನು ಚೀಲಕ್ಕೆ ಹಾಕಿದಳು. ಅಡಿಯಲ್ಲಿ, ಬೋರಲಾಗಿ.

ಮಂಗಳವಾರ ಏನೂ ಬರಲಿಲ್ಲ. ಬುಧವಾರವೂ ಇಲ್ಲ. ಪೋಸ್ಟ್‌ಮಾಸ್ಟರು ಕರೆದಾಗಲೆಲ್ಲ ಆ ಕಾರ್ಡಿನ ವಿಷಯವೇ ಇರಬೇಕು ಅಂದುಕೊಂಡು ಎದ್ದೆ. ಗುರುವಾರ ಎರಡು ಕಾಗದಗಳನ್ನು ತಪ್ಪು ಖಾನೆಗೆ ಹಾಕಿ ಬೈಸಿಕೊಂಡೆ.

ಶನಿವಾರ ಅವಳು ಬರಲಿಲ್ಲ. ಅವಳ ಕಾರ್ಡು ಬಂತು, ನನ್ನ ಹೆಸರಿಗೆ. ಸ್ಥಳೀಯ ಸ್ಟ್ಯಾಂಪು, ಗುಂಡನೆಯ ಅಕ್ಷರ.

"ನಿಮ್ಮದನ್ನು ನಾಲ್ಕು ದಿನ ಇಟ್ಟುಕೊಂಡೆ. ಈಗ ಗೊತ್ತಾಯಿತು, ಕೆಲವು ಕಾರ್ಡು ಬೇಗ ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಆಮೇಲೆ ಅಜ್ಜಿಗೆ ಓದಿ ಹೇಳಿದೆ. 'ಇಷ್ಟು ಹತ್ತಿರದಲ್ಲೂ ಒಂದು ದೇಶ ಇತ್ತೇನೇ' ಅಂದರು. ನಮ್ಮ ಮನೆಯ ಮೊದಲ ಸದ್ದು ನೀವು ಕೇಳಲೇ ಇಲ್ಲ. ಈ ಭಾನುವಾರ ಅದು ಬಾಗಿಲು ಬಡಿಯುವುದಾಗಿರಲಿ."

ಕೈ ತಾನಾಗಿ ಸೀಲು ಒತ್ತಿತು. ಕಾರ್ಡು ಜೇಬಿಗಿಳಿಯಿತು. ಈ ಸಲ ವಾಪಸ್ ಕೊಡುವ ಮಾತಿಲ್ಲ.

ಭಾನುವಾರ, ಬೀದಿಗೆ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಮಹಡಿ ಹತ್ತಿ ಬಾಗಿಲ ಮುಂದೆ ನಿಂತೆ. ಕೈ ಎತ್ತಿದೆ. ಒಳಗೆ ಒಂದು ಹೆಜ್ಜೆ ಮೆಲ್ಲಗೆ ಬಾಗಿಲವರೆಗೆ ಬಂದು ನಿಂತಿತು. ಒಂದು, ಎರಡು, ಮೂರು ಉಸಿರು.

ಬಡಿದೆ.