ಜಾಜಿಯ ಸಿಂಗಾರವೂ ಬೂದಿಗಣ್ಣನ ಕರಡಿಗೆಯೂ

ಬಹಳ ಹಿಂದೆ, ನದಿಗಳು ಇನ್ನೂ ದಾರಿ ಕೇಳಿಕೊಂಡು ಹರಿಯುತ್ತಿದ್ದ ಕಾಲದಲ್ಲಿ, ಹಂಸಗಾವಿ ಎಂಬ ಒಂದು ರಾಜ್ಯವಿತ್ತು. ಅಲ್ಲಿಯ ಬಳೆಗಾರರ ಕೇರಿಯಲ್ಲಿ ಜಾಜಿ ಎಂಬ ಹುಡುಗಿ ಇದ್ದಳು. ಅವಳ ತಾಯಿ ಚೌಡವ್ವ ಬೀದಿ ಬೀದಿ ತಿರುಗಿ ಬಳೆ ಮಾರುತ್ತಿದ್ದಳು. ಚೌಡವ್ವನ ದನಿ ಅಂಥಿಂಥ ದನಿಯಲ್ಲ. ಬೀದಿಯ ಆ ತುದಿಯಲ್ಲಿ ನಿಂತು "ಬಳೇ, ಹಸುರು ಬಳೇ" ಎಂದು ಅವಳು ಕೂಗಿದರೆ, ಈ ತುದಿಯ ತೊಟ್ಟಿಲಲ್ಲಿ ಅಳುತ್ತಿದ್ದ ಕೂಸು ಅಳು ನಿಲ್ಲಿಸಿ ಎರಡೂ ಕೈ ಚಾಚುತ್ತಿತ್ತು.

ಜಾಜಿಗೆ ತಾಯಿಯ ದನಿ ಬಂದಿರಲಿಲ್ಲ. ಅವಳ ಜಾಣ್ಮೆಯೆಲ್ಲ ಬೆರಳ ತುದಿಯಲ್ಲಿತ್ತು. ಜನ ಬಿಸಾಡಿದ ಬಣ್ಣದ ಕಾಗದ, ಹರಿದ ಗಾಳಿಪಟ, ಹಳೇ ಸೀರೆಯ ಜರಿಯಂಚು, ಚಮಕಿ, ಕವಡೆ, ಗುಲಗಂಜಿ, ನವಿಲುಗರಿ, ಕಾಗೆಬಂಗಾರ, ತಾಯಿಯ ಬುಟ್ಟಿಯಲ್ಲಿ ಒಡೆದ ಬಳೆಚೂರು, ಎಲ್ಲವನ್ನೂ ಅವಳು ಕೂಡಿಡುತ್ತಿದ್ದಳು. ಹುಣಸೆಬೀಜ ಅರೆದು, ಕುದಿಸಿ, ಅಂಟು ಮಾಡಿಕೊಳ್ಳುತ್ತಿದ್ದಳು. ಊರವರು ತಂದುಕೊಟ್ಟ ಮಡಕೆ, ಡಬ್ಬಿ, ಭರಣಿಗಳಿಗೆ ಆ ಕಾಗದಗಳನ್ನು ಅಂಟಿಸಿ ಸಿಂಗಾರ ಮಾಡುವುದೇ ಅವಳ ಕಸುಬು.

ಆ ಕೆಲಸವನ್ನು ನೋಡುತ್ತ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಗೊತ್ತಾಗುತ್ತಿರಲಿಲ್ಲ. ಜಾಜಿ ಕಾಗದವನ್ನು ಕತ್ತರಿಸುತ್ತಿರಲಿಲ್ಲ, ಕೈಯಲ್ಲೇ ಹರಿಯುತ್ತಿದ್ದಳು. ಹರಿದ ಅಂಚು ಪಕ್ಕದ ಚೂರಿನ ಜೊತೆ ಬೆಸೆದುಕೊಳ್ಳುತ್ತದೆ, ಕತ್ತರಿಸಿದ ಅಂಚು ಬಿಗುಮಾನದಿಂದ ಎದ್ದು ನಿಲ್ಲುತ್ತದೆ ಎನ್ನುತ್ತಿದ್ದಳು. ಹೆಬ್ಬೆರಳಿಂದ ನಡುವಿನಿಂದ ಅಂಚಿಗೆ ನೀವಿ ನೀವಿ ಒಳಗಿನ ಗಾಳಿಯನ್ನು ಓಡಿಸುತ್ತಿದ್ದಳು. ಆಮೇಲೆ ನೆರಳಲ್ಲಿ ಒಣಗಿಸಿ, ಮೇಲೊಂದು ತೆಳ್ಳನೆ ಅಂಟು ಬಳಿದರೆ, ಹಳೇ ಡಬ್ಬಿ ಮದುವೆಗೆ ಹೊರಟವರ ಹಾಗೆ ಹೊಳೆಯುತ್ತಿತ್ತು.

ಯಾರೇ ಡಬ್ಬಿ ತಂದರೂ ಅವಳು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಇದ್ರೊಳಗೆ ಏನು ಇಡ್ತೀರಿ?" ಉತ್ತರ ಸಿಕ್ಕ ಮೇಲೆಯೇ ಕಾಗದ ಮುಟ್ಟುತ್ತಿದ್ದಳು. ಕಣ್ಣು ಕಾಣದ ಒಬ್ಬ ಮುದುಕಿ ಉಪ್ಪಿನ ಮಡಕೆಯನ್ನೂ ಸಕ್ಕರೆ ಮಡಕೆಯನ್ನೂ ತಂದಾಗ, ಜಾಜಿ ಉಪ್ಪಿನದಕ್ಕೆ ಸುತ್ತಲೂ ಕವಡೆ ಕೂರಿಸಿದಳು, ಸಕ್ಕರೆಯದಕ್ಕೆ ಚಮಕಿ ಅಂಟಿಸಿದಳು. ಅಂದಿನಿಂದ ಆ ಮನೆಯ ಪಾಯಸಕ್ಕೆ ಉಪ್ಪು ಬೀಳಲಿಲ್ಲ. ಅದಕ್ಕೆ ಮೊದಲು ಎಷ್ಟು ಸಲ ಬಿದ್ದಿತ್ತೆಂದು ಆ ಮನೆಯ ಅಳಿಯನನ್ನು ಕೇಳಬೇಕು.

ಹಂಸಗಾವಿಯಲ್ಲಿ ಇನ್ನೊಂದು ಪದ್ಧತಿಯಿತ್ತು. ಬೇರೆ ಮನೆಯಿಂದ ಬಂದ ಡಬ್ಬಿಯನ್ನು ಖಾಲಿ ಹಿಂದಿರುಗಿಸುವಂತಿಲ್ಲ. ಚಿಟಿಕೆ ಸಕ್ಕರೆಯೋ ಚೂರು ಬೆಲ್ಲವೋ, ಏನಾದರೂ ಒಳಗಿಟ್ಟೇ ಕೊಡಬೇಕು. ಜಾಜಿಯೂ ಸಿಂಗಾರ ಮುಗಿದ ಪ್ರತಿ ಡಬ್ಬಿಯಲ್ಲಿ ಚೂರು ಬೆಲ್ಲ ಹಾಕಿಯೇ ಕೊಡುತ್ತಿದ್ದಳು.

ಹೀಗಿರುವಾಗ ಪಡುವಣ ಬೆಟ್ಟದ ಮೇಲೆ ಒಬ್ಬ ಮಂತ್ರವಾದಿ ಬಂದು ನೆಲೆಸಿದ. ಎಲ್ಲಿಂದ ಬಂದನೋ, ಯಾರ ಮಗನೋ, ಯಾರಿಗೂ ತಿಳಿಯದು. ಅವನ ಕಣ್ಣು ಬೂದಿಯ ಬಣ್ಣ, ಅರಮನೆ ಬೂದಿಯ ಬಣ್ಣ. ಹಾಗಾಗಿ ಜನ ಅವನನ್ನು ಬೂದಿಗಣ್ಣ ಎಂದು ಕರೆದರು. ಅವನು ಬೆಟ್ಟದ ಮೇಲಿಂದ ಒಂದು ಬೂದು ಗಾಳಿಯನ್ನು ಬಿಡುತ್ತಿದ್ದ. ಆ ಗಾಳಿ ಬೀಸಿದಾಗ ಊರಿನಲ್ಲಿ ಯಾರಾದರೊಬ್ಬರ ದನಿ ಮಾಯವಾಗುತ್ತಿತ್ತು. ರಾಜನ ಡಂಗುರದವನ ದನಿ ಹೋಯಿತು. ಪುರಾಣ ಓದುವವರ ದನಿ ಹೋಯಿತು. ಒಂದು ಬೆಳಿಗ್ಗೆ, "ಬಳೇ" ಎಂದು ಬಾಯಿ ತೆರೆದ ಚೌಡವ್ವನ ಗಂಟಲಿಂದ ಬರೀ ಉಸಿರು ಬಂತು.

ಚೌಡವ್ವ ಬಳೆಯ ಬುಟ್ಟಿ ಇಳಿಸಿ ಮೂಲೆಯಲ್ಲಿ ಕೂತಳು. ಅನ್ನ ಬಡಿಸಿದರೆ ಉಣ್ಣುವಳು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಗೋಡೆಯ ಹಲ್ಲಿಯ ಸದ್ದು ಕೇಳಿಸತೊಡಗಿತು. ಜಾಜಿಗೆ ಅದನ್ನು ಸಹಿಸಲಾಗಲಿಲ್ಲ. ತಾಯಿ ಬೈದರೆ ಎದುರಾಡುತ್ತಿದ್ದ ಹುಡುಗಿ, ಒಂದೇ ಒಂದು ಬೈಗುಳಕ್ಕೆ ಹಾತೊರೆದಳು.

"ಅವ್ವ, ನಿನ್ನ ದನಿ ತರೋಕೆ ಹೋಗ್ತೀನಿ," ಎಂದಳು ಒಂದು ದಿನ. ಚೌಡವ್ವ ಬೇಡವೆಂದು ತಲೆಯಾಡಿಸಿದಳು, ಕಣ್ಣೊರೆಸಿಕೊಂಡಳು. ಮಗಳು ಕೇಳುವವಳಲ್ಲ ಎಂದು ಗೊತ್ತಾದ ಮೇಲೆ, ಅವಳ ಸೆರಗಿನ ತುದಿಗೆ ಒಂದು ಉಂಡೆ ಬೆಲ್ಲ ಕಟ್ಟಿ, ಗಂಟನ್ನು ಎರಡು ಸಲ ಬಿಗಿದಳು. ಜಾಜಿ ತನ್ನ ಬುಟ್ಟಿ ಹೊತ್ತು ಹೊರಟಳು.

ಬೆಟ್ಟದ ಬಾಗಿಲಲ್ಲಿ ಆನೆಯಷ್ಟು ದೊಡ್ಡ ಮುಳ್ಳುಹಂದಿ ಕಾವಲಿತ್ತು. "ನಿಲ್ಲು," ಎಂದಿತು ಅದು. "ಮುಂದೆ ಹೋದೋರು ಯಾರೂ ತಿರುಗಿ ಬಂದಿಲ್ಲ. ಹೋಗೋದೇ ಆದ್ರೆ ಹೋಗು. ಆದ್ರೆ ನಾನು ಬೇಡ ಅಂದಿದ್ದೆ ಅಂತ ಜ್ಞಾಪಕ ಇಟ್ಕೋ."

"ಇಟ್ಕೋತೀನಿ, ಮುಳ್ಳಣ್ಣ," ಎಂದಳು ಜಾಜಿ. "ಅದ್ಸರಿ, ಇಷ್ಟೊಂದು ಮುಳ್ಳಿದ್ದೂ ಹೀಗೆ ಮಂಕಾಗಿ ನಿಂತಿದ್ದೀಯಲ್ಲ."

ಅವಳ ಕೈ ಸುಮ್ಮನಿರುವ ಕೈಯಲ್ಲ. ಎಟುಕಿದ ಮುಳ್ಳುಗಳ ತುದಿಗೆಲ್ಲ ಒಂದೊಂದು ಚಮಕಿ ಅಂಟಿಸಿದಳು. ಮುಳ್ಳುಹಂದಿ ಬಾಗಿಲ ಬಳಿಯ ನೀರಿನಲ್ಲಿ ತನ್ನನ್ನು ನೋಡಿಕೊಂಡಿತು. ಒಮ್ಮೆ ಎಡಕ್ಕೆ ತಿರುಗಿತು, ಒಮ್ಮೆ ಬಲಕ್ಕೆ ತಿರುಗಿತು. ಆಮೇಲೆ ನಾಚಿಕೊಂಡು, ಉದುರಿ ಬಿದ್ದಿದ್ದ ಒಂದು ಮುಳ್ಳನ್ನು ಅವಳ ಮುಂದೆ ತಳ್ಳಿತು. "ನನ್ನ ಹತ್ರ ಕೊಡೋಕೆ ಬೇರೇನೂ ಇಲ್ಲ. ತಗೋ, ಎಲ್ಲಾದ್ರೂ ಬೇಕಾಗುತ್ತೆ."

ಬೂದಿಗಣ್ಣನ ಅರಮನೆಯ ಗೋಡೆಯುದ್ದಕ್ಕೂ ಬೂದು ಡಬ್ಬಿಗಳ ಸಾಲು. ನಡುವೆ ಕಲ್ಲಿನ ಪೀಠದ ಮೇಲೆ ಅವನು ಕೂತಿದ್ದ.

"ನಮ್ಮವ್ವನ ದನಿ ವಾಪಸ್ ಕೊಡಿ, ಅಯ್ಯಾ," ಎಂದಳು ಜಾಜಿ.

ಬೂದಿಗಣ್ಣ ಅವಳ ಬುಟ್ಟಿಯನ್ನು ನೋಡಿ ನಕ್ಕ. "ಕಾಗದ ಅಂಟಿಸುವವಳೋ? ಒಳ್ಳೆಯದು. ನನ್ನ ಬಳಿ ಮೂರು ಪಾತ್ರೆಗಳಿವೆ. ಮೂರಕ್ಕೂ ಸಿಂಗಾರ ಮಾಡು, ದನಿ ನಿನ್ನದು. ಒಂದರಲ್ಲಿ ಸೋತರೂ ನೀನು ಈ ಸಾಲಿನಲ್ಲಿ ಒಂದು ಡಬ್ಬಿ. ಇವರೆಲ್ಲ ಯಾರೆಂದುಕೊಂಡೆ? ಅಕ್ಕಸಾಲಿಗರು, ಬಡಗಿಗಳು, ರಾಜನ ಚಿತ್ರಗಾರರು."

ಜಾಜಿ ಆ ಸಾಲಿನತ್ತ ಒಮ್ಮೆ ನೋಡಿದಳು. ಆದರೂ "ಆಗ್ಲಿ," ಎಂದಳು.

ಅವನು ಮೊದಲು ಒಂದು ಮಡಕೆ ತಂದಿಟ್ಟ. ಜಾಜಿ ಕೇಳಿದಳು: "ಇದ್ರೊಳಗೆ ಏನು ಇಡ್ತೀರಿ?"

"ಕೆಂಡ," ಎಂದ ಬೂದಿಗಣ್ಣ. "ನನ್ನ ಸಿಟ್ಟಿನ ಕೆಂಡ. ಅದು ಎಂದೂ ಆರುವುದಿಲ್ಲ."

ಮಡಕೆ ಮುಟ್ಟಿದರೆ ಕೈ ಸುಡುತ್ತಿತ್ತು. ಇದಕ್ಕೆ ಕಾಗದ ಉಡಿಸಿದರೆ ಕ್ಷಣದಲ್ಲಿ ಬೂದಿ ಎಂದು ಜಾಜಿಗೆ ಹೊಳೆಯಿತು. ಅವಳು ಅಂಗಳದ ಮಣ್ಣನ್ನು ಹದವಾಗಿ ಕಲಸಿ, ಕೈಗೆ ಬಟ್ಟೆ ಸುತ್ತಿಕೊಂಡು, ಮಡಕೆಗೆ ಮೆತ್ತಿದಳು. ಹಸಿ ಮಣ್ಣಿನೊಳಗೆ ಬೆಂಕಿಗೆ ಜಗ್ಗದ ಕಾಗೆಬಂಗಾರದ ತೆಳ್ಳನೆ ಹಾಳೆಗಳನ್ನೂ ತಾಯಿಯ ಬಳೆಚೂರುಗಳನ್ನೂ ಒತ್ತಿದಳು. ಒಳಗಿನ ಕಾವಿಗೇ ಮಣ್ಣು ಬೆಂದು ಗಟ್ಟಿಯಾಯಿತು, ಬೆಂಕಿಯ ಹೊಳಪು ಬಳೆಚೂರುಗಳಲ್ಲಿ ಹಾದು ಕೋಣೆಯ ತುಂಬ ಹಸುರು, ಕೆಂಪು ಬೆಳಕು ಚೆಲ್ಲಿತು. ಬೂದಿಗಣ್ಣ ಬಾಯಿ ತೆರೆದವನು ಹಾಗೇ ನಿಂತ. ಅವನ ಮನೆಯ ಗೋಡೆ ಬಣ್ಣ ಕಂಡದ್ದು ಅದೇ ಮೊದಲು.

ಆಮೇಲೆ ಅವನು ಒಂದು ಭರಣಿ ತಂದಿಟ್ಟ. ಜಾಜಿ ಕೇಳಿದಳು: "ಇದ್ರೊಳಗೆ ಏನು ಇಡ್ತೀರಿ?"

"ಕಣ್ಣೀರು," ಎಂದ ಬೂದಿಗಣ್ಣ. "ದನಿ ಕಳೆದುಕೊಂಡವರ ಕಣ್ಣೀರು."

ಭರಣಿಯ ಮೈಯಿಂದ ನೀರು ಜಿನುಗುತ್ತಲೇ ಇತ್ತು. ಅಂಟು ನಿಲ್ಲದು, ಕಾಗದ ತಡೆಯದು. ಇದರಲ್ಲಿ ತನ್ನ ತಾಯಿಯ ಕಣ್ಣೀರೂ ಇದೆ ಎಂದುಕೊಂಡು ಜಾಜಿ ಭರಣಿಯ ಮೈಯನ್ನು ಅಂಗೈಯಿಂದ ಒರೆಸಿದಳು. ಅವಳು ಮುಳ್ಳುಹಂದಿಯ ಮುಳ್ಳಿಗೆ ತೂತು ಕೊರೆದು ಸೂಜಿ ಮಾಡಿಕೊಂಡಳು. ಭರಣಿಯ ಸುತ್ತಳತೆಯನ್ನು ಗೇಣಿನಲ್ಲಿ ಅಳೆದು, ಹಳೇ ರೇಷ್ಮೆಯ ತುಂಡುಗಳಿಂದ ಒಂದು ಅಂಗಿ ಹೊಲಿದಳು. ಅಂಚಿಗೆ ಜರಿ ಕೊಟ್ಟಳು, ನೀರಲ್ಲೇ ಹುಟ್ಟಿದ ಕವಡೆಗಳನ್ನು ಸಾಲಾಗಿ ಕೂರಿಸಿದಳು. ಎಳೆಗೂಸಿಗೆ ಕುಲಾವಿ ಹಾಕುವಷ್ಟು ಮೆಲ್ಲಗೆ ಅದನ್ನು ಭರಣಿಗೆ ತೊಡಿಸಿದಳು. ಒದ್ದೆಯಾದ ರೇಷ್ಮೆ ಇನ್ನಷ್ಟು ಮಿರುಗಿತು. ಬಿಕ್ಕುತ್ತಿದ್ದ ಭರಣಿ, ಯಾರೋ ತಬ್ಬಿಕೊಂಡರೆಂಬಂತೆ, ಸುಮ್ಮನಾಯಿತು.

"ಚೆನ್ನಾಗಿದೆ," ಎಂದುಬಿಟ್ಟ ಬೂದಿಗಣ್ಣ. ಹೇಳಿದ ಮೇಲೆ ತಾನೇ ಬೆಚ್ಚಿಬಿದ್ದು, ಮುಖ ಗಂಟು ಹಾಕಿಕೊಂಡು, ಮೂರನೆಯದನ್ನು ತಂದಿಟ್ಟ.

ಅದೊಂದು ಚಿಕ್ಕ ಕರಡಿಗೆ. ಅಂಗೈಯಷ್ಟು ದೊಡ್ಡದು, ಬೂದು ಬಣ್ಣ, ನುಣ್ಣನೆಯ ಮುಚ್ಚಳ. ಸುಡುತ್ತಿರಲಿಲ್ಲ, ಜಿನುಗುತ್ತಿರಲಿಲ್ಲ. ಇಂಥದ್ದನ್ನು ಜಾಜಿ ಎಷ್ಟೋ ಮಾಡಿದ್ದಳು. ಎರಡು ಗೆದ್ದ ಹುರುಪು ಬೇರೆ. ಕೇಳಬೇಕಾದ ಮಾತನ್ನು ಕೇಳದೆ ಸೀದಾ ಬುಟ್ಟಿಗೆ ಕೈ ಹಾಕಿದಳು.

ಹಳದಿ ಕಾಗದ ಅಂಟಿಸಿದಳು. ಅದು ಬೂದು ಬಣ್ಣಕ್ಕೆ ತಿರುಗಿ ಕರಡಿಗೆಯೊಳಕ್ಕೆ ಇಳಿದುಹೋಯಿತು. ಕೆಂಪು ಅಂಟಿಸಿದಳು, ಅದೂ ಹೋಯಿತು. ನವಿಲುಗರಿ ಹೋಯಿತು, ಗುಲಗಂಜಿ ಹೋಯಿತು, ಉಳಿದ ಜರಿಯೆಲ್ಲ ಹೋಯಿತು. ಮುಚ್ಚಳ ತೆರೆದರೆ ಒಳಗೆ ಏನೂ ಇಲ್ಲ. ಕೊನೆಗೆ ಬುಟ್ಟಿಯಲ್ಲಿ ಉಳಿದದ್ದು ಹಸುರು ಗಾಳಿಪಟದ ಒಂದು ಚೂರು. ಜಾಜಿಯ ಬೆರಳು ಆಗಲೇ ಬೂದು ಬಣ್ಣಕ್ಕೆ ತಿರುಗತೊಡಗಿತ್ತು. ಗೋಡೆಯ ಸಾಲಿನಲ್ಲಿ ಒಂದು ಡಬ್ಬಿಗೆ ಆಗುವಷ್ಟು ಜಾಗ ತಾನಾಗಿ ತೆರೆದುಕೊಂಡಿತು.

ಅವಳಿಗೆ ತಾಯಿಯ ನೆನಪಾಯಿತು. ಇನ್ನು ಮೂಲೆಯಲ್ಲಿ ಕೂತವಳಿಗೆ ಅನ್ನ ಬಡಿಸುವವರೂ ಇಲ್ಲ. ಅಳು ಒತ್ತರಿಸಿ ಬಂತು. ಆಗ ತಾನು ಮಾಡಿದ ತಪ್ಪು ತಿಳಿಯಿತು.

"ಅಯ್ಯಾ, ಕೇಳೋದು ಮರೆತೆ," ಎಂದಳು. "ಇದ್ರೊಳಗೆ ಏನು ಇಡ್ತೀರಿ?"

"ಏನೂ ಇಡುವುದಿಲ್ಲ," ಎಂದ ಬೂದಿಗಣ್ಣ. "ಅದೇ ನುಂಗುತ್ತದೆ. ಹುಟ್ಟಿದಾಗಿನಿಂದ ನನ್ನ ಜೊತೆಗಿದೆ. ಹಸಿವೆಂದು ಒಂದೇ ಸಮ ಪೀಡಿಸುತ್ತದೆ. ಕಸಿದು ಕಸಿದು ತಂದು ಹಾಕಿದೆ. ಊರೂರಿನ ದನಿಗಳನ್ನೆಲ್ಲ ಹಾಕಿದೆ. ತೆರೆದರೆ ಖಾಲಿ." ಅವನ ದನಿಯಲ್ಲಿ ಆಯಾಸವಿತ್ತು.

"ಯಾರಾದ್ರೂ ತಾವಾಗೇ ಇದ್ರೊಳಗೆ ಏನಾದ್ರೂ ಹಾಕಿ ಕೊಟ್ಟಿದ್ರಾ?"

"ಕೊಡುವುದೆಂದರೆ?" ಎಂದ ಬೂದಿಗಣ್ಣ. ಅವನು ಅಣಕಿಸಲಿಲ್ಲ, ನಿಜವಾಗಿಯೇ ಕೇಳಿದ.

ಜಾಜಿಗೆ ಭಯ ಮರೆತೇಹೋಯಿತು. ಪಕ್ಕದ ಮನೆಯಿಂದ ಒಂದು ಡಬ್ಬಿಯೂ ಬಾರದೆ ಇಷ್ಟು ವಯಸ್ಸಾದ ಮನುಷ್ಯನನ್ನು ಅವಳು ಎಲ್ಲಿಯೂ ಕಂಡಿರಲಿಲ್ಲ. ಅವನ ಮೇಲೆ ಅವಳಿಗೆ ಕನಿಕರ ಉಕ್ಕಿತು. ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿ, ತಾಯಿ ಕಟ್ಟಿದ್ದ ಬೆಲ್ಲವನ್ನು ಕರಡಿಗೆಯೊಳಗೆ ಇಟ್ಟು, ಮುಚ್ಚಳ ಮುಚ್ಚಿದಳು.

"ನಮ್ಮೂರಲ್ಲಿ ಡಬ್ಬೀನ ಖಾಲಿ ವಾಪಸ್ ಕೊಡಲ್ಲ, ಅಯ್ಯಾ. ನಾನು ಗೆದ್ರೂ ಸೋತ್ರೂ ಇದು ನಿಮ್ಗೆ."

ಉಳಿದಿದ್ದ ಹಸುರು ಚೂರನ್ನು ಅಂಟು ಸವರಿ ಮುಚ್ಚಳದ ಮೇಲಿಟ್ಟು, ಹೆಬ್ಬೆರಳಿಂದ ನೀವಿದಳು. ಅದು ಹಸುರಾಗಿಯೇ ನಿಂತಿತು. ಅದರ ಪಕ್ಕದಲ್ಲಿ ಹಳದಿ ಮೂಡಿತು, ಕೆಂಪು ಮೂಡಿತು. ನುಂಗಿದ್ದ ಕಾಗದಗಳೆಲ್ಲ ಒಂದೊಂದಾಗಿ ಮೇಲೆದ್ದು, ಅಂಚಿಗೆ ಅಂಚು ಬೆಸೆದುಕೊಂಡು ಕೂತವು. ನವಿಲುಗರಿ ಮೇಲೆದ್ದಿತು. ಗುಲಗಂಜಿಗಳು ಸಾಲು ಹಿಡಿದವು. ಜಾಜಿ ತನ್ನ ಜೀವಮಾನದಲ್ಲಿ ಅಷ್ಟು ಚೆಂದದ ಕರಡಿಗೆಯನ್ನು ಮಾಡಿರಲಿಲ್ಲ.

ಮುಚ್ಚಳ ತಾನಾಗಿ ತೆರೆಯಿತು. ಡಂಗುರದವನ ದನಿ ಹೊರಬಂತು. ಪುರಾಣದವರ ದನಿ, ನಿಲ್ಲಿಸಿದ್ದ ಪದ್ಯದ ನಡುವಿನಿಂದಲೇ ಶುರು ಮಾಡಿಕೊಂಡು, ಹೊರಬಂತು. ಆಮೇಲೆ "ಬಳೇ, ಹಸುರು ಬಳೇ" ಎಂಬ ದನಿ ಎದ್ದು, ಜಾಜಿಯ ಕೆನ್ನೆ ಸವರಿ, ಕಿಟಕಿಯಿಂದ ಹಾರಿಹೋಯಿತು. ಗೋಡೆಯ ಡಬ್ಬಿಗಳು ಒಂದೊಂದಾಗಿ ಕೆಳಗೆ ಹಾರಿ ಅಕ್ಕಸಾಲಿಗರೂ ಬಡಗಿಗಳೂ ಚಿತ್ರಗಾರರೂ ಆಗಿ ಮೈಮುರಿದರು. ಜಾಜಿಯ ಬೆರಳಿಗೆ ಮತ್ತೆ ಬಣ್ಣ ಬಂತು.

ಬೂದಿಗಣ್ಣನ ಕಣ್ಣಿನ ಬೂದಿ ನೀರಾಗಿ ಇಳಿದುಹೋಯಿತು. ಒಳಗೆ ಇದ್ದದ್ದು ಸಾಧಾರಣ ಕಪ್ಪು ಕಣ್ಣು. ಅವನೀಗ ಒಬ್ಬ ಬಡಕಲು ಮುದುಕ, ಅಷ್ಟೇ. ಕರಡಿಗೆಯಿಂದ ಬೆಲ್ಲ ತೆಗೆದು ಒಂದು ಚೂರು ಕಚ್ಚಿ, ಉಳಿದದ್ದನ್ನು ಜೋಪಾನವಾಗಿ ಮತ್ತೆ ಒಳಗಿಟ್ಟ.

"ಮುಗಿದ ಮೇಲೆ?" ಎಂದು ಕೇಳಿದ, ಅಂಜುತ್ತ.

"ಕರಡಿಗೇನ ನಮ್ಮನೆಗೆ ಕಳಿಸಿ," ಎಂದಳು ಜಾಜಿ.

ಅವಳು ಬೆಟ್ಟ ಇಳಿದು ಬಂದಾಗ ಊರ ಬಾಗಿಲ ತನಕ ಒಂದೇ ಕೂಗು ಕೇಳಿಸುತ್ತಿತ್ತು. ಅದು ಬಳೆಯ ಕೂಗಲ್ಲ. "ಜಾಜೀ, ಎಲ್ಲಿ ಹಾಳಾಗಿ ಹೋದ್ಯೇ, ಅನ್ನ ಆರಿ ಹೋಯ್ತಲ್ಲೇ," ಎಂದು ಚೌಡವ್ವ ಬೈಯುತ್ತಿದ್ದಳು. ಜಾಜಿ ಬೀದಿಯ ನಡುವೆ ನಿಂತು ಆ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಓಡಿಹೋಗಿ ತಾಯಿಯ ಕೊರಳಿಗೆ ಬಿದ್ದಳು.

ಹಂಸಗಾವಿಯ ರಾಜ ಜಾಜಿಯನ್ನು ಕರೆಸಿ ತನ್ನ ಉಗ್ರಾಣದ ಡಬ್ಬಿಗಳನ್ನೆಲ್ಲ ಅವಳ ಮುಂದಿಟ್ಟ. ಅವಳು ಅವನಿಗೂ ಅದೇ ಪ್ರಶ್ನೆ ಕೇಳಿದಳು. ರಾಜನಿಗೆ ಯಾವುದರಲ್ಲಿ ಏನಿದೆಯೆಂದು ಗೊತ್ತಿರಲಿಲ್ಲವಾದ್ದರಿಂದ ಅಡಿಗೆಯವರನ್ನು ಕೂಗಬೇಕಾಯಿತು.

ಬೆಟ್ಟದ ಮುದುಕನ ಕರಡಿಗೆ ಊರಿನ ಮನೆಮನೆಗೂ ತಿರುಗಿತು. ಯಾವ ಮನೆಯಿಂದಲೂ ಖಾಲಿ ಹೋಗಲಿಲ್ಲ. ಒಂದು ದಿನ ಮುಳ್ಳುಹಂದಿ ಅದನ್ನು ಬೆನ್ನಿನ ಮೇಲೆ ಹೊತ್ತು ಜಾಜಿಯ ಮನೆಗೆ ತಂದಿತು. ತುಂಬಿಸಿಕೊಡಲೆಂದು ಜಾಜಿ ಮುಚ್ಚಳ ತೆರೆದರೆ, ಒಳಗೆ ಆಗಲೇ ಏನೋ ಇತ್ತು. ಒಂದು ಅಚ್ಚು ಬೆಲ್ಲ. ಮುದುಕ ಮೊಟ್ಟಮೊದಲ ಬಾರಿಗೆ ತಾನಾಗಿ ಕಳಿಸಿದ್ದು. ದಾರಿಗೆ ಬಿಡುವ ಮುಂಚೆ ಆಸೆ ತಡೆಯದೆ ಒಂದು ಮೂಲೆಯನ್ನು ಮಾತ್ರ ಕಚ್ಚಿದ್ದ.

ಚೌಡವ್ವ ಅದನ್ನು ನೋಡಿ ನಕ್ಕಳು. ಆ ನಗು ಬೀದಿಯ ಈ ತುದಿಯಿಂದ ಆ ತುದಿಯವರೆಗೂ ಕೇಳಿಸಿತು. ಕೇಳಿದವರೆಲ್ಲ ಸುಖವಾಗಿದ್ದರು, ಅವರ ಮಕ್ಕಳೂ ಸುಖವಾಗಿದ್ದರು, ಅವರ ಅಡಿಗೆಮನೆಯ ಡಬ್ಬಿಗಳು ಇಂದಿಗೂ ಹೊಳೆಯುತ್ತಿವೆ.