ಗೋಡೆ ಎತ್ತರವಿದ್ದ ಕಾಲೇಜು

“ದಿಲ್ಸಿಯಾ ಅಂದ್ರೆ ನೀವೇನಾ?”

ಸಾಂತಾ ರೋಸಾದಲ್ಲಿ ಬಸ್ಸಿಳಿದು ಅವಳು ಎರಡು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಹಿಂದಿನಿಂದ ಗಂಡಸಿನ ದನಿ. ಕೈಯಲ್ಲಿದ್ದ ಚೀಲ ಜಾರಿ ಬಿತ್ತು.

ಈ ಊರಿನಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ... ಗೊತ್ತಿರಲೂಬಾರದು...

ತಿರುಗಿದಳು. ಇಪ್ಪತ್ತರ ಆಸುಪಾಸಿನ ಯುವಕ. ತೆಳ್ಳಗಿದ್ದ. ಒಂದು ಕೈ ಜೇಬಿನೊಳಗಿತ್ತು. ಅವಳಿಗೆ ಅವನ ಮುಖ ಕಾಣಲೇ ಇಲ್ಲ. ಆ ಜೇಬು ಮಾತ್ರ ಕಂಡಿತು.

“ಅಲ್ಲ,” ಎಂದವಳೇ ಓಡಿದಳು.

ಸಂತೆಯ ನಡುವೆ, ಟೊಮೆಟೊ ಬುಟ್ಟಿಗಳನ್ನು ಹಾರಿ, ದಾರಿಯಲ್ಲಿ ಸಿಕ್ಕ ಅಜ್ಜಿಯೊಬ್ಬಳನ್ನು ಕೇಳಿ, ಸಾಂತಾ ಇನೆಸ್ ಕಾಲೇಜಿನ ಗೇಟು ತಲುಪುವಷ್ಟರಲ್ಲಿ ಉಸಿರು ಗಂಟಲಿಗೆ ಬಂದಿತ್ತು. ಗೇಟು ತೆರೆದ ಕಾಲೇಜಿನ ಮುಖ್ಯಸ್ಥೆ ಮದರ್ ಕ್ಲೆಮೆನ್ಸಿಯಾ ಅವಳನ್ನು ಕೂರಿಸಿ ನೀರು ಕೊಟ್ಟರು. ಸ್ವಲ್ಪ ಹೊತ್ತಿಗೆ ಅದೇ ಯುವಕ ಅವಳ ಚೀಲ ಹೊತ್ತು ಒಳಗೆ ಬಂದ.

“ಇವನು ಸೆಲ್ವಿನ್. ಎರಡನೇ ವರ್ಷ ಓದ್ತಿದ್ದಾನೆ. ನಿನ್ನ ಕರ್ಕೊಂಡು ಬಾ ಅಂತ ನಾನೇ ಕಳಿಸಿದ್ದೆ,” ಎಂದರು ಮದರ್.

“ಇವರು ಓಡಿದ್ದು ನೋಡಿದ್ರೆ ಮದರ್, ಈ ವರ್ಷ ಓಟದ ಪದಕ ನಮ್ಮ ಕಾಲೇಜಿಗೇ,” ಎಂದ ಅವನು. ಜೇಬಿನಿಂದ ಅವಳ ಹೆಸರು ಬರೆದಿದ್ದ ಚೀಟಿ ತೆಗೆದು ಮೇಜಿನ ಮೇಲಿಟ್ಟ.

ದಿಲ್ಸಿಯಾ ನಗಲಿಲ್ಲ. ನಗುವುದು ಅವಳಿಗೆ ಮರೆತುಹೋಗಿತ್ತು.

ಕಾರಣ ಇತ್ತು. ಸಾನ್ ಪೆದ್ರೋದ ಅವಳ ಬಡಾವಣೆಯಲ್ಲಿ ಪೊಲೀಸರ ಮಾತು ನಡೆಯುತ್ತಿರಲಿಲ್ಲ, ರೌಡಿ ಗುಂಪಿನ ನಾಯಕ ಚೆಲೆ ಎಂಬವನ ಮಾತು ನಡೆಯುತ್ತಿತ್ತು. ಅವನು ಒಂದು ದಿನ ಹೇಳಿ ಕಳಿಸಿದ: ‘ಬರೋ ಭಾನುವಾರ ಹುಡುಗಿ ನನ್ನ ಮನೆಯಲ್ಲಿರಬೇಕು.’ ಒಲ್ಲೆ ಎಂದ ಹುಡುಗಿಯರ ಗತಿ ಏನಾಯಿತೆಂದು ಇಡೀ ಬೀದಿಗೆ ಗೊತ್ತಿತ್ತು. ಅವಳನ್ನು ಸಾಕಿದ ರೇಯ್ನಾ ಚಿಕ್ಕಮ್ಮ ಮದರ್‌ಗೆ ಫೋನ್ ಮಾಡಿ, ಶುಕ್ರವಾರವೇ ಬಸ್ಸು ಹತ್ತಿಸಿದಳು. ತಾನೂ ಮನೆಗೆ ಬೀಗ ಹಾಕಿ ಸಮುದ್ರದ ಕಡೆಯ ತಂಗಿಯ ಊರಿಗೆ ಹೊರಟುಹೋದಳು.

“ಓದೋಕೆ ಹೋಗ್ತಿದ್ದೀನಿ ಅನ್ಕೋಬೇಡ ಮಗಳೇ. ಬದುಕೋಕೆ ಹೋಗ್ತಿದ್ದೀಯ,” ಎಂದಿದ್ದಳು ಚಿಕ್ಕಮ್ಮ.

ಮೊದಲ ವಾರದ ಧರ್ಮ ತರಗತಿಗೆ ಎಲ್ಲ ವರ್ಷದವರೂ ಒಟ್ಟಿಗೆ ಕೂತಿದ್ದರು. ಮದರ್ ಒಂದೇ ಪ್ರಶ್ನೆ ಕೇಳಿದರು: “ಊರಲ್ಲಿ ಬೇರೆ ಕಾಲೇಜು ಇರಲಿಲ್ವಾ? ಸಿಸ್ಟರ್‌ಗಳ ಕಾಲೇಜಿಗೇ ಯಾಕೆ ಬಂದ್ರಿ? ನಿಜ ಹೇಳಿ.”

ದಿಲ್ಸಿಯಾಳ ಕೋಣೆಯ ಜೊತೆಗಾತಿ ಮಾರ್ಲೆನಿ ಮೊದಲು ಎದ್ದಳು. “ಸಿಸ್ಟರ್‌ಗಳ ಹತ್ರ ಓದಿದ ಹುಡುಗೀಗೆ ಒಳ್ಳೆ ಗಂಡ ಸಿಗ್ತಾನೆ ಅಂತ ನಮ್ಮಮ್ಮ ಹೇಳಿದ್ಲು.”

“ನಾನೂ ಅವರ ಹತ್ರಾನೇ ಓದಿದ್ದು. ಎಲ್ಲಮ್ಮ ನನ್ನ ಗಂಡ?” ಎಂದರು ಮದರ್. ತರಗತಿ ಬಿದ್ದು ಬಿದ್ದು ನಕ್ಕಿತು.

ದಿಲ್ಸಿಯಾಳ ಸರದಿ ಬಂತು. “ದೇವರಿಗೆ ಹತ್ತಿರ ಇರೋಕೆ,” ಎಂದು ತಲೆ ತಗ್ಗಿಸಿದಳು.

ಸೆಲ್ವಿನ್ ಎದ್ದು ನಿಂತ. “ಗೋಡೆ ಎತ್ತರ ಇದೆ ಮದರ್. ಅದಕ್ಕೇ.”

ಎಲ್ಲರೂ ನಕ್ಕರು. ಅವನು ನಗಲಿಲ್ಲ. ದಿಲ್ಸಿಯಾಳನ್ನೇ ನೋಡುತ್ತಿದ್ದ.

ಇವನಿಗೆ ಗೊತ್ತಿದೆ... ಎಲ್ಲವೂ ಗೊತ್ತಿದೆ...

ಅವನ ಕಣ್ಣಿಗೆ ಬೀಳದಂತೆ ಓಡಾಡಿದಳು. ಆದರೂ ಒಂದು ಸಂಜೆ ಊಟದ ಕೋಣೆಯ ಬಾಗಿಲಲ್ಲಿ ಅವನು ಕೇಳಿಯೇಬಿಟ್ಟ: “ಸಾನ್ ಪೆದ್ರೋದಲ್ಲಿ ಯಾವ ಬಡಾವಣೆ ನಿಮ್ಮದು?”

ಆ ಊರಲ್ಲಿ ಈ ಪ್ರಶ್ನೆಗೆ ಎದುರಾಳಿ ಗುಂಪಿನ ಬಡಾವಣೆಯ ಹೆಸರು ಹೇಳಿದವರು ಮನೆಗೆ ಮರಳುತ್ತಿರಲಿಲ್ಲ. ಅವಳು ತಿರುಗಿ ಹೊರಟುಹೋದಳು.

ಊರ ಹಬ್ಬದ ದಿನ ಗ್ರಂಥಾಲಯದಲ್ಲಿ ಓದುತ್ತಿದ್ದಾಗ ಹೊರಗೆ ಪಟಾಕಿ ಸಿಡಿಯಿತು. ಮರುಕ್ಷಣ ಅವಳು ಮೇಜಿನಡಿ ಮುದುರಿಕೊಂಡಿದ್ದಳು. ಸುತ್ತ ನಗು. ಮುಖ ಎತ್ತಲಾರದೆ ಕಣ್ಣು ಮುಚ್ಚಿದಳು. ಪಕ್ಕದಲ್ಲಿ ಯಾರೋ ಮಂಡಿಯೂರಿದ ಸದ್ದು.

“ನನ್ನ ಪೆನ್ ಬಿತ್ತು,” ಎಂದ ಸೆಲ್ವಿನ್. ನೆಲ ತಡಕುತ್ತ ಕೂತ. ಮತ್ತೊಂದು ಪಟಾಕಿ, ಮತ್ತೊಂದು... ಅವನು ಮೇಲೇಳಲೇ ಇಲ್ಲ. ನಗುತ್ತಿದ್ದವರು ಬೇಸತ್ತು ಓದಿಗೆ ಮರಳಿದರು.

ಪೆನ್ನು ಅವನ ಅಂಗಿಯ ಜೇಬಿನಲ್ಲೇ ಇತ್ತು.

ಅಂದಿನಿಂದ ಅವನ ದನಿ ಕೇಳಿದರೆ ಅವಳ ಎದೆ ಬೇರೆಯೇ ರೀತಿಯಲ್ಲಿ ಹೊಡೆದುಕೊಳ್ಳುತ್ತಿತ್ತು. ಇದೂ ಭಯವೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಮುಂದಿನ ಮಂಗಳವಾರ ಮಧ್ಯಾಹ್ನ ಹಾಸ್ಟೆಲ್ ಕಿಟಕಿಯಿಂದ ಗೇಟಿನತ್ತ ಕಣ್ಣು ಹಾಯಿಸಿದಳು. ಕೆಂಪು ಮೋಟಾರ್‌ಸೈಕಲ್. ಅದರ ಮೇಲೆ ಕುತ್ತಿಗೆ ತುಂಬ ಹಚ್ಚೆಯ ಮನುಷ್ಯ. ಚೆಲೆಯ ಬಂಟ ಅವನು. ಮೊಬೈಲ್ ಚಾಚಿ ಯಾವುದೋ ಫೋಟೋ ತೋರಿಸುತ್ತಿದ್ದ.

ಎದುರಿಗೆ ನಿಂತಿದ್ದವನು ಸೆಲ್ವಿನ್. ಫೋಟೋ ನೋಡಿ ತಲೆಯಾಡಿಸಿದ. ಕೈ ಎತ್ತಿ ಎತ್ತಲೋ ತೋರಿಸಿದ. ಕೊನೆಗೆ ಆ ಮನುಷ್ಯನ ಕೈ ಕುಲುಕಿದ...

ಕೈ ಕುಲುಕಿದ!

ಅವಳು ಅಳಲೂ ಇಲ್ಲ. ಚೀಲ ತುಂಬಿಕೊಂಡು ಹಿಂಬಾಗಿಲಿನಿಂದ ಹೊರಬಿದ್ದಳು. ಪಕ್ಕದ ಗ್ರಾಸಿಯಾಸ್ ಊರಿಗೋ, ಇನ್ನೆಲ್ಲಿಗೋ, ಸಿಕ್ಕ ಬಸ್ಸು ಹತ್ತಬೇಕು.

ಬಸ್ ನಿಲ್ದಾಣ ತಲುಪಿದವಳು ಅಲ್ಲೇ ನಿಂತುಬಿಟ್ಟಳು. ಕಾಫಿ ಅಂಗಡಿಯ ಮುಂದೆ ಅದೇ ಕೆಂಪು ಮೋಟಾರ್‌ಸೈಕಲ್. ಹಚ್ಚೆಯವನು ಬೆಂಚಿನ ಮೇಲೆ ಕೂತು ಬೀನ್ಸ್ ಕಾಳು ತುಂಬಿದ ರೊಟ್ಟಿ ತಿನ್ನುತ್ತಿದ್ದ. ಇಬ್ಬರ ನಡುವೆ ಇಪ್ಪತ್ತು ಹೆಜ್ಜೆ. ತಲೆ ಎತ್ತಿದರೆ ಮುಗಿಯಿತು...

ಯಾರೋ ಅವಳ ತೋಳು ಹಿಡಿದರು. ಟೋಪಿಯೊಂದು ಅವಳ ಹಣೆ ಮುಚ್ಚುವಂತೆ ಬಂದು ಕೂತಿತು.

“ಕೂಗಬೇಡ. ನನ್ನ ಮೇಲೆ ರೇಗು,” ಎಂದು ಪಿಸುಗುಟ್ಟಿದ ಸೆಲ್ವಿನ್. ಆಮೇಲೆ ನಿಲ್ದಾಣಕ್ಕೆಲ್ಲ ಕೇಳುವಂತೆ ದನಿ ಏರಿಸಿದ: “ಅಮ್ಮನ ಮನೆಗೆ ಹೋಗ್ತೀಯಾ? ನಡಿ, ನಾನೂ ಬರ್ತೀನಿ. ನಿಮ್ಮಮ್ಮನ ಮುಂದೇನೇ ನ್ಯಾಯ ಆಗ್ಲಿ.”

ಇವನು ಹಿಡಿದುಕೊಡುವವನಾಗಿದ್ದರೆ ನನ್ನ ಹೆಸರು ಕೂಗಿದ್ದರೆ ಸಾಕಿತ್ತು... ಅವಳಿಗೆ ಆ ಕ್ಷಣ ಹೊಳೆದದ್ದು ಅಷ್ಟೇ.

“ಬಾ, ಬಾ. ನಿನ್ನ ಬಣ್ಣ ಅವಳಿಗೂ ಗೊತ್ತಾಗ್ಲಿ,” ಎಂದಳು. ದನಿ ಒಡೆದಿತ್ತು. ಅದೂ ಜಗಳಕ್ಕೆ ಒಪ್ಪುತ್ತಿತ್ತು.

ಹಚ್ಚೆಯವನು ತಲೆ ಎತ್ತಿ ನೋಡಿದ. ಗಂಡ ಹೆಂಡಿರ ರಗಳೆ ಎಂದುಕೊಂಡನೋ ಏನೋ, ನಕ್ಕು ಮತ್ತೆ ತಟ್ಟೆಗೆ ಕೈ ಹಾಕಿದ.

ಗ್ರಾಸಿಯಾಸ್ ಬಸ್ಸಿನಲ್ಲಿ ಇಬ್ಬರೂ ತಲೆ ತಗ್ಗಿಸಿ ಕೂತರು. ಬಸ್ಸು ಹೊರಡುವ ಮುನ್ನ ಕೆಂಪು ಮೋಟಾರ್‌ಸೈಕಲ್ ಗುಡುಗಿತು. ಅವರ ಕಿಟಕಿಯ ಪಕ್ಕದಲ್ಲೇ ಹಾದು ಗಡಿಯ ರಸ್ತೆಗೆ ತಿರುಗಿತು. ಅದು ಕಣ್ಮರೆಯಾಗುವವರೆಗೆ ಅವಳು ಉಸಿರು ಬಿಡಲಿಲ್ಲ.

“ನೀವು ಹೋದ ವಾರವೇ ಗಡಿ ದಾಟಿ ಗ್ವಾಟೆಮಾಲಾಗೆ ಹೋದ್ರಿ ಅಂತ ಅವನಿಗೆ ಹೇಳಿದ್ದೆ. ಅವನು ನಂಬಲಿ ಅಂತ ಕೈ ಬೇರೆ ಕುಲುಕಿದೆ. ಒಳಗೆ ಬಂದು ಮಾರ್ಲೆನಿನ ಕೇಳಿದ್ರೆ ನಿಮ್ಮ ಚೀಲಾನೂ ಇಲ್ಲ ಅಂದ್ಲು. ಸೀದಾ ನಿಲ್ದಾಣಕ್ಕೆ ಓಡಿ ಬಂದೆ,” ಎಂದ ಸೆಲ್ವಿನ್.

ಮೊದಲು ಸಿಕ್ಕ ಹಳ್ಳಿಯಲ್ಲಿ ಇಳಿದರು. ಮರಳುವ ಬಸ್ಸಿಗೆ ಕಾಯುತ್ತ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತರು. ಬಿಸಿ ಜೋಳದ ಗಂಜಿಯ ಲೋಟ ಅವಳ ಕೈಯಲ್ಲಿ ತಣ್ಣಗಾಗುತ್ತಿತ್ತು.

“ನಾನು ಸಾನ್ ಪೆದ್ರೋ ಪಕ್ಕದ ಚೊಲೋಮಾದವನು,” ಎಂದ ಅವನು ನೆಲ ನೋಡುತ್ತ. “ನನ್ನ ಅಣ್ಣನಿಗೆ ಅಲ್ಲಿನ ರೌಡಿಗಳು ತಮ್ಮ ಗುಂಪಿಗೆ ಸೇರು ಅಂದ್ರು. ಅವನು ಒಲ್ಲೆ ಅಂದ. ಬಸ್ಸಿಗೆ ಕಾಯ್ತಿದ್ದಾಗ ಗುಂಡು ಹೊಡೆದ್ರು. ನಾನು ಪಕ್ಕದಲ್ಲೇ ಇದ್ದೆ. ಮರುವಾರ ಅಮ್ಮ ನನ್ನ ಇಲ್ಲಿ ತಂದು ಬಿಟ್ಟಳು. ಓದೂ ಕಾರಣ ಅಲ್ಲ, ದೇವರೂ ಅಲ್ಲ. ಆ ಗೋಡೆನೇ. ಅವತ್ತು ತರಗತೀಲಿ ನಿಮಗೋಸ್ಕರ ಹೇಳಿದ್ದು. ನೀವು ಒಬ್ಬರೇ ಅಲ್ಲ ಅಂತ ತಿಳೀಲಿ ಅಂತ.”

ದಿಲ್ಸಿಯಾಳ ಕಣ್ಣು ತುಂಬಿತು. “ನಾನು... ನೀವು ಅವರ ಕಡೆಯವರು ಅನ್ಕೊಂಡಿದ್ದೆ.”

“ನನಗೂ ಎಲ್ಲರ ಬಗ್ಗೆ ಹಾಗೇ ಅನ್ನಿಸ್ತಿತ್ತು, ಮೊದಲ ವರ್ಷ. ಮದರ್ ಮೇಲೂ ಅನುಮಾನ.”

ಅವಳಿಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ.

ಅವನು ಮದರ್‌ಗೆ ಫೋನ್ ಮಾಡಿದ. ಅವರ ದನಿ ಅವಳಿಗೂ ಕೇಳಿಸುತ್ತಿತ್ತು: “ಸೀದಾ ವಾಪಸ್ ಬನ್ನಿ. ಇವತ್ತಿಂದ ಅವಳು ನಮ್ಮ ಜೊತೆ, ಸಿಸ್ಟರ್‌ಗಳ ಮನೇಲೇ ಇರ್ತಾಳೆ. ಇನ್ಮೇಲೆ ಗೇಟಲ್ಲಿ ನಾನೇ ಕೂರ್ತೀನಿ. ಯಾರ ಕುತ್ತಿಗೆ ಮೇಲೆ ಏನು ಬರೆದಿದೆ ಅಂತ ನಾನೇ ಓದ್ತೀನಿ.”

ಫೋನ್ ಇಟ್ಟ ಮೇಲೆ ಅವಳು ಕೇಳಿದಳು, “ಅವನು ಮತ್ತೆ ಬಂದ್ರೆ?”

“ಬರಬಹುದು.”

“ಬರಲ್ಲ ಅಂತ ಒಂದು ಸುಳ್ಳಾದ್ರೂ ಹೇಳಬಾರದಾ?”

“ಇದ್ದ ಸುಳ್ಳನ್ನೆಲ್ಲ ಅವನಿಗೇ ಹೇಳಿಬಿಟ್ಟೆ,” ಎಂದ ಸೆಲ್ವಿನ್. “ನಿಮಗೆ ಹೇಳೋಕೆ ಉಳಿದಿರೋದು ನಿಜ ಒಂದೇ. ಮೇಜಿನ ಕೆಳಗೆ ಕೂತಿದ್ವಲ್ಲ, ಅವತ್ತಿಂದ ನನಗೆ ನಿಮ್ಮನ್ನ ಬಿಟ್ಟು ಬೇರೆ ಯೋಚನೆ ಇಲ್ಲ.”

ಅವಳು ಲೋಟ ಕೆಳಗಿಟ್ಟು ಮೆಲ್ಲಗೆ ಅವನ ಕೈ ಹಿಡಿದಳು.

“ನಿಲ್ದಾಣದಲ್ಲಿ ನನ್ನ ‘ನೀನು’ ಅಂತ ಮಾತಾಡಿಸಿದ್ದೆ. ಈಗ ಮತ್ತೆ ‘ನೀವು’ ಯಾಕೆ?”

“ಅದು ಸುಳ್ಳು ಜಗಳ.”

“ನನಗೆ ಅದೇ ಬೇಕು.”

ತಿರುವಿನಲ್ಲಿ ಬಸ್ಸು ಕಾಣಿಸಿತು. ಇಬ್ಬರೂ ಎದ್ದರು. ಕೈ ಬಿಡಲಿಲ್ಲ.

“ನಿನ್ನ ಕೈ ನಡುಗ್ತಿದೆ ಕಣೇ,” ಎಂದ ಅವನು.

“ನಂದಲ್ಲ, ನಿಂದು.”

ಅವನು ಹೆಣೆದುಕೊಂಡ ಕೈಗಳನ್ನು ನೋಡಿದ.

“ಇಬ್ಬರದೂ ಇರಬೇಕು,” ಎಂದ.